ಸ್ಲ್ಯಾಬ್ ಕೊಟ್ಟ ಸಾವ್ಕಾರರಿಗೆ ಸನ್ಮಾನ

ಹುಚ್ಚವ್ವನಿಗೆ ಸಿಟ್ಟು ಬಂದಿತ್ತು ಅಂದರೆ ಕಡಿಮೆ ಹೇಳಿದಂತೆ. ಬರುವ ಸಿಟ್ಟು ಹೋಗುತ್ತದೆ. ಇವಳದು ಬಂದು, ಒಲೆಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಮನೆಯವರಲ್ಲಿ ಒಬ್ಬರಂತೆ ಉಳಿದುಬಿಟ್ಟಿತ್ತು. ಅದಕ್ಕೆ ಅವಳು ದಿನಾ ಎರಡು ಹೊತ್ತು ಉಣ್ಣಿಸುತ್ತಿದ್ದಳು.

ಎಲ್ಲಾ ಶುರುವಾಗಿದ್ದು ಊರ ಶಾಲೆಯ ಹೊಸ ಕೋಣೆಗಳಿಂದ. ಏಳನೇ ಇಯತ್ತೆಗೇ ಮುಗಿಯುತ್ತಿದ್ದ ಶಾಲೆಗೆ ಎಂಟನೆಯದು ಮಂಜೂರಾಗಿತ್ತು. ಆದರೆ ಕೋಣೆ ಇದ್ದರೆ ಮಾತ್ರ ತರಗತಿ. ಜಾಗವೇ ಇರಲಿಲ್ಲ. ಹುಚ್ಚವ್ವ ರಸ್ತೆಗೆ ಹತ್ತಿದ ತನ್ನ ಹೊಲದ ಮೂಲೆಯನ್ನು ಬಿಟ್ಟುಕೊಟ್ಟಳು. ದಾನಶೂರತನಕ್ಕೆ ಕೊಟ್ಟಿದ್ದಲ್ಲ, ಮೊಮ್ಮಗಳು ಸುನಿತಾಳಿಗಾಗಿ ಕೊಟ್ಟಿದ್ದು. ಹಾನಗಲ್ಲಿಗೆ ಹೋಗುವ ಬಸ್ಸಿನ ಬಾಗಿಲಲ್ಲಿ ಹುಡುಗರು ಜೇನುಹುಳದ ಹಾಗೆ ಜೋತುಬಿದ್ದಿರುತ್ತಾರೆ, ಅದರಲ್ಲಿ ಮಗಳನ್ನು ಕಳಿಸುವುದಿಲ್ಲ ಎಂದು ಮಗ ರಾಜಕುಮಾರ ಹಟ ಹಿಡಿದಿದ್ದ. ಊರಲ್ಲಿ ಎಂಟನೇ ಇಯತ್ತೆ ಇಲ್ಲದಿದ್ದರೆ ಹುಡುಗಿಯ ಓದು ಅಲ್ಲಿಗೇ ಮುಗಿದಂತೆ.

ಗುದ್ದಲಿ ಪೂಜೆಯ ದಿನವೇ ಹೆಡ್ಮಾಸ್ತರ ಸುಭಾಸರು ಹೇಳಿದ್ದರು, ಬಂದ ಅನುದಾನ ಗೋಡೆಗೆ ಸಾಲುತ್ತದೆ, ಮೇಲಿನ ಚಾವಣಿಗೆ ಸಾಲುವುದಿಲ್ಲ ಎಂದು. ಜನ ಮುಖ ಮುಖ ನೋಡಿಕೊಂಡರು. ಆಗ ಎದ್ದವರು ಶಂಕ್ರಪ್ಪ ಸಾವ್ಕಾರರು. ಹಾನಗಲ್ಲಿನಲ್ಲಿ ಅಕ್ಕಿ ಗಿರಣಿ, ಊರ ಸುತ್ತ ಹತ್ತಿ ಬೀಜದ ಪ್ಲಾಟು, ಎದುರಿಗೆ ಸೊಸೈಟಿ ಇಲೆಕ್ಷನ್ನು. ಮೈಕು ಹಿಡಿದು ಗುಡುಗಿದರು:

"ಗ್ವಾಡಿ ಸರ್ಕಾರದ್ದು, ಸ್ಲ್ಯಾಬ್ ನಂದು!"

ಅಬ್ಬಾ, ಏನು ಚಪ್ಪಾಳೆ! ಅಲ್ಲೇ ಶಾಲು ಹೊದಿಸಿದರು, ಹಾರ ಹಾಕಿದರು. ಇಲೆಕ್ಷನ್ನಿನಲ್ಲೂ ಆರಿಸಿಬಂದರು. ಗೋಡೆ ಎದ್ದವು, ಸರ್ಕಾರದ ದುಡ್ಡು ತೀರಿತು, ಕಂಬಿಗಳು ಆಕಾಶಕ್ಕೆ ಮುಖ ಮಾಡಿ ತುಕ್ಕು ಹಿಡಿದವು. ಮಾಸ್ತರರು ಕೇಳಿದಾಗೊಮ್ಮೆ ಸಾವ್ಕಾರರು "ಸುಗ್ಗಿ ಆಗ್ಲಿ" ಅನ್ನುತ್ತಿದ್ದರು. ಮೂಗಿಗೆ ತುಪ್ಪ ಸವರುವುದರಲ್ಲಿ ಅವರ ಕೈ ಭಾರೀ ಧಾರಾಳ.

ಕೊನೆಗೆ ಹುಚ್ಚವ್ವನೇ ಗಿರಣಿಗೆ ಹೋದಳು. ಊಟದ ಹೊತ್ತಿನ ತನಕ ಅವಳನ್ನು ಬಿಸಿಲಲ್ಲಿ ನಿಲ್ಲಿಸಿ, ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ಹೊರಗೆ ಬಂದರು ಸಾವ್ಕಾರರು.

"ಮೈಕ್ ಸಿಕ್ರ ಮಂದಿ ಏನೇನರ ಅಂತಾರವ್ವ. ಜಾಗಾ ಕೊಡು ಅಂತ ನಿನ್ನ ಕಾಲಿಗೆ ಯಾರು ಬಿದ್ದಿದ್ರು? ಕೊಟ್ಟವ ಕೋಡಂಗಿ ಅಂತ ಸುಮ್ನ ಅಂದಿಲ್ಲ ಹಿರ್‍ಯಾರು."

ಚೀಲ ಹೊರುತ್ತಿದ್ದವರು ಕಿಸಕ್ಕನೆ ನಕ್ಕರು. ಸಾವ್ಕಾರರಿಗೆ ಹುರುಪು ಬಂತು.

"ಮೊಮ್ಮಗಳು ಮನ್ಯಾಗ ಸುಮ್ನ ಕುಂತಾಳಲ್ಲ, ನಮ್ಮ ಪ್ಲಾಟಿಗೆ ಕಳಸು. ಸಣ್ಣ ಕೈ, ಹೂವು ಮುರಿಯಾಂಗಿಲ್ಲ."

ಹುಚ್ಚವ್ವ ಕಳಿಸುವುದಿಲ್ಲವೆಂದಳು. ರಾಜಕುಮಾರ ಕಳಿಸಿದ. ಕೂತು ಏನು ಮಾಡುತ್ತಾಳೆ ಅಂದ. ಸಂಜೆ ಹೆಣ್ಣು ಗಿಡದ ಮೊಗ್ಗಿನ ಕೇಸರ ಬಿಡಿಸಿಟ್ಟು, ಮರುದಿನ ಬೆಳಿಗ್ಗೆ ಅದಕ್ಕೆ ಗಂಡು ಹೂವು ಒರೆಸುವ ಕೆಲಸ. ದಿನ ತಪ್ಪಿದರೆ ಆ ಹೂವು ಬೀಜಕ್ಕೆ ಬರುವುದಿಲ್ಲ. ತರಗತಿಗೇ ಮೊದಲನೆಯವಳಾಗಿ ಪಾಸಾಗುತ್ತಿದ್ದ ಹುಡುಗಿ ಹಳದಿ ಬೆರಳು ಹೊತ್ತು ಬಂದು, ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದಳು. ಅವಳ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿಯರೆಲ್ಲಾ ಅದೇ ಪ್ಲಾಟಿನಲ್ಲಿದ್ದರು. ಆಗ ಹೊಳೆಯಿತು ಹುಚ್ಚವ್ವನಿಗೆ: ಸ್ಲ್ಯಾಬ್ ಬಿದ್ದರೆ ಸಾವ್ಕಾರನ ಹೂವಿಗೆ ಕೈಗಳು ಎಲ್ಲಿಂದ ಬರಬೇಕು? ಇದು ಬರೀ ಜಿಪುಣತನವಲ್ಲ. ನನ್ನ ಜಾಗ ನುಂಗಿ, ನನ್ನ ಕೂಸಿನ ಓದನ್ನೂ ನುಂಗಿ ತೇಗುತ್ತಿದ್ದಾನೆ. ಆವತ್ತಿನಿಂದ ಅವಳಿಗೆ ಸ್ಲ್ಯಾಬ್ ಒಂದೇ ಸಾಕಾಗಲಿಲ್ಲ. ಊರ ಮುಂದೆ ತಗ್ಗಿದ ಸಾವ್ಕಾರನ ಮುಖವೂ ಬೇಕಾಯಿತು.

ಮರುವರ್ಷ ಮಳೆಗಾಲ ಹಿಡಿದ ಮೇಲೆ ಅವಳು ಸುಭಾಸ ಮಾಸ್ತರರ ಮುಂದೆ ಹೋಗಿ ನಿಂತಳು.

"ಮಾಸ್ತರ್ರ, ಶಂಕ್ರಪ್ಪ ಸಾವ್ಕಾರಗ ಒಂದು ಸನ್ಮಾನ ಮಾಡೋಣ್ರಿ."

"ಯಾತಕ್ಕವ್ವಾ?"

"ಸ್ಲ್ಯಾಬ್ ಕೊಟ್ಟಿದ್ದಕ್ಕ."

ಮಾಸ್ತರರು ಅವಳ ಮುಖವನ್ನೇ ನೋಡಿದರು. ಮುದುಕಿ ನಗುತ್ತಿರಲಿಲ್ಲ.

"ನನ್ನ ನೌಕರಿಗೆ ಕುತ್ತು ತರಬ್ಯಾಡ್ರಿ ಯವ್ವಾ."

"ನೀವು ಬರೇ ಕುರ್ಚಿ ಕೊಡ್ರಿ. ಉಳಿದಿದ್ದು ನಂದು."

ಆಕೆ ಓಣಿಯ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು, ಎಲೆ ಅಡಿಕೆ, ತೆಂಗಿನಕಾಯಿ, ಕುಂಕುಮ ಹಿಡಿದು ಸಾವ್ಕಾರರ ಮನೆಗೆ ಹೋದಳು. ಅದೇ ಹೊಟ್ಟೆಯ ಬೆಂಕಿ, ಅದರ ಮೇಲೆ ಬಾಯಿತುಂಬ ಬೆಲ್ಲ.

"ಶನಿವಾರ ಸಾಲ್ಯಾಗ ನಿಮಗ ಸನ್ಮಾನ ಐತ್ರಿ ಸಾವ್ಕಾರ್ರ. ಸ್ಲ್ಯಾಬಿನ ದಾನಿಗಳು ಅಂತ. ನೀವು ಬರಲಿಲ್ಲಂದ್ರ ಊರಿಗೆ ಶೋಭಾ ಇಲ್ಲ ನೋಡ್ರಿ."

ಶಂಕ್ರಪ್ಪ ಪ್ಲಾಟಿಗೆ ಹೋಗುವ ಮನುಷ್ಯ, ಶಾಲೆಯ ಕಡೆ ತಲೆ ಹಾಕದೆ ಎಷ್ಟೋ ಕಾಲವಾಗಿತ್ತು. ಎಲ್ಲೋ ಇನ್ನೊಂದು ಅನುದಾನ ಬಂದಿದೆ, ಸ್ಲ್ಯಾಬ್ ಬಿದ್ದಿದೆ, ಈ ಪೆದ್ದರು ನಾನೇ ಮಾಡಿಸಿದೆ ಅಂದುಕೊಂಡಿದ್ದಾರೆ ಎಂದು ಒಳಗೊಳಗೇ ಹಿಗ್ಗಿದರು. ಶಾಲು ಅಂದರೆ ಆ ಮನುಷ್ಯನಿಗೆ ಕೂಸಿಗೆ ಬೆಲ್ಲ ಕಂಡಂತೆ. ಸಾಲದ್ದಕ್ಕೆ ಕಾಲೇಜು ಓದುತ್ತಿದ್ದ ಮಗಳು ನೀಲಾಂಬಿಕಾಳನ್ನು ರಟ್ಟೀಹಳ್ಳಿಯ ಉಳಿವೆಪ್ಪನವರ ಮನೆಗೆ ಕೊಡುವ ಮಾತು ಮುಗಿದಿತ್ತು, ನಿಶ್ಚಯವೊಂದೇ ಬಾಕಿ. ನನ್ನ ಮರ್ಯಾದೆ ಎಂಥದ್ದು ಅಂತ ಬೀಗರೂ ನೋಡಲಿ ಎಂದು ತಾವೇ ಫೋನು ಹಚ್ಚಿ ಅವರನ್ನು ಕರೆದರು. ಹುಚ್ಚವ್ವ ಇಷ್ಟನ್ನು ದೇವರಲ್ಲೂ ಬೇಡಿರಲಿಲ್ಲ. ಸುದ್ದಿ ಕೇಳಿದ ದಿನ ಎರಡು ರೊಟ್ಟಿ ಹೆಚ್ಚು ತಿಂದಳು.

ಶನಿವಾರ ಬೆಳಗಿನಿಂದಲೇ ಮಳೆ ಜಿಟಿಜಿಟಿ ಹಿಡಿದಿತ್ತು. ಸಾವ್ಕಾರರ ಕಾರು, ಹಿಂದೆ ಬೀಗರ ಕಾರು ಬಂದು ನಿಂತವು. ಬಾಳೆಕಂಬ, ಮಾವಿನ ತೋರಣ, ಹಲಗೆ ಬಾರಿಸುವವರು. ಹೆಂಗಸರು ಆರತಿ ಎತ್ತಿದರು. ಇಸ್ತ್ರಿಯ ಬಿಳಿ ಬಟ್ಟೆಯ ಸಾವ್ಕಾರರು ಛತ್ರಿಯ ಕೆಳಗೆ ಕೈಮುಗಿಯುತ್ತಾ ಹೊಸ್ತಿಲ ತನಕ ಬಂದವರು ಅಲ್ಲೇ ಗಕ್ಕನೆ ನಿಂತರು. ಒಳಗೆ ನಾಲ್ಕು ಗೋಡೆ, ಮೇಲೆ ಮೋಡ.

"ಬಲಗಾಲಿಟ್ಟು ಬರ್ರಿ ಸಾವ್ಕಾರ್ರ," ಹುಚ್ಚವ್ವ ಬೆನ್ನ ಹಿಂದಿನಿಂದ ಅಂದಳು. "ಬೀಗರು ಹಿಂದ ನಿಂತಾರ."

ಆರತಿ ಮಾಡಿಸಿಕೊಂಡು ತಿರುಗಿ ಹೋಗುವುದು ಹೇಗೆ? ಒಳಗೆ ಹೋದರು. ಬೀಗರ ಕುರ್ಚಿಗಳ ಮೇಲೆ ಅವಳು ತಾಡಪಾಲು ಕಟ್ಟಿಸಿದ್ದಳು, ಅವರದೇನು ತಪ್ಪು? ಊರವರು ಗೋಡೆಗುಂಟ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ನಿಂತಿದ್ದರು. ನಟ್ಟನಡುವೆ, ಬಯಲಿನಲ್ಲಿ, ಒಂದೇ ಒಂದು ಕುರ್ಚಿ. ಸಾವ್ಕಾರರು ಕೂತರು. ಛತ್ರಿ ಹಿಡಿದವನ ಕೈಯನ್ನು ಹುಚ್ಚವ್ವ ಮೆಲ್ಲಗೆ ಸರಿಸಿದಳು.

"ಛತ್ರಿ ಯಾಕೋ ಮಾರಾಯಾ? ಸಾವ್ಕಾರ್ರು ತಾವು ಕೊಟ್ಟ ಸ್ಲ್ಯಾಬಿನ ಕೆಳಗ ಕುಂತಾರ!"

ಯಾರೋ ಫಕ್ಕನೆ ನಕ್ಕರು. ಶಾಲು ಹೊದಿಸಿದಳು. ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟಳು. ಆಮೇಲೆ ಮಾತಾಡಿದಳು, ನಿಧಾನವಾಗಿ, ಒಂದೊಂದು ಮಾತನ್ನೂ ಚಪ್ಪರಿಸಿಕೊಂಡು.

"ಇಂಥಾ ಪುಣ್ಯಾತ್ಮರು ಎಲ್ಲೀ ಸಿಗ್ತಾರ್ರೀ? ಇವ್ರ ಸ್ಲ್ಯಾಬಿನ ದೆಸೀಂದ ನಮ್ಮ ಹುಡುಗ್ಯಾರು ಮಳ್ಯಾಗ ತೊಯ್ಯಾಂಗಿಲ್ಲ, ಬಿಸಲಾಗ ಒಣಗಾಂಗಿಲ್ಲ. ಎಂಟನೇತ್ತೆ ಓದಾಕತ್ತಾವು. ಎಲ್ಲಿ ಓದಾಕತ್ತಾವು ಅಂತೀರೇನು? ಸಾವ್ಕಾರ್ರ ಹತ್ತಿ ಪ್ಲಾಟಿನಾಗ! ಪುಸ್ತಕ ಇಲ್ಲ, ಹೂವ ಐತಿ. ಹೊಡೀರಿ ಚಪ್ಪಾಳಿ!"

ಹೊಡೆದರು. ನಿಲ್ಲಿಸದೆ ಹೊಡೆದರು. ಶಾಲು ನೀರು ಕುಡಿದು ಭಾರವಾಯಿತು, ಕುಂಕುಮ ಕರಗಿ ಮೂಗಿನ ಮೇಲೆ ಇಳಿಯಿತು. ಶಂಕ್ರಪ್ಪ ಬೀಗರ ಕಡೆ ನೋಡಲಾರದೆ ಬುಟ್ಟಿಯಲ್ಲಿದ್ದ ಬಾಳೆಹಣ್ಣು ನೋಡುತ್ತಾ ಕೂತರು. ನೋಡು ಮಗನೇ, ಎಂದುಕೊಂಡಳು ಹುಚ್ಚವ್ವ, ಬಿಸಿಲಲ್ಲಿ ನಿಂತು ನಾನೂ ಹಿಂಗೇ ನೆಲ ನೋಡಿದ್ದೆ. ಅವಳಿಗೆ ಅಯ್ಯೋ ಅನ್ನಿಸಲಿಲ್ಲ. ಒಂದಿಷ್ಟೂ ಅನ್ನಿಸಲಿಲ್ಲ.

ಆಗ ಉಳಿವೆಪ್ಪನವರು ಎದ್ದರು. ತಾಡಪಾಲಿನಿಂದ ಹೊರಗೆ ಬಂದು, ಕತ್ತೆತ್ತಿ ಮುಗಿಲು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಬೀಗರ, ಸ್ಲ್ಯಾಬ್ ಭಾಳ ಎತ್ತರಕ್ಕ ಹಾಕಸೀರಿ ಬಿಡ್ರಿ. ನನ್ನ ಕಣ್ಣಿಗೆ ಕಾಣವಲ್ದು."

ಇಡೀ ಊರು ನಕ್ಕಿತು. ಅವರು ಮಾತ್ರ ನಗಲಿಲ್ಲ.

"ಕೊಡಲಿಲ್ಲಂದ್ರ ತಪ್ಪಿಲ್ರೀ. ಕೊಟ್ಟೇನಿ ಅಂತ ಶಾಲು ಹೊತ್ಕೊಂಡ್ರಲ್ಲ, ಅದು ನನಗ ಸೇರಲಿಲ್ಲ. ಸ್ಲ್ಯಾಬ್ ಬೀಳ್ಲಿ, ಆಮ್ಯಾಲೆ ನಿಶ್ಚಯಕ್ಕ ದಿನಾ ತಗಸೋಣ."

ಎರಡು ದಿನಕ್ಕೆ ಸಿಮೆಂಟಿನ ಲಾರಿ ಬಂತು. ಮಳೆ ಬಿಡುವು ಕೊಟ್ಟಾಗ ಸ್ಲ್ಯಾಬ್ ಬಿತ್ತು. ಶ್ರಾವಣ ಮುಗಿಯುವಷ್ಟರಲ್ಲಿ ಎಂಟನೇ ಇಯತ್ತೆ ಕೂತಿತು. ತರಗತಿ ತಮ್ಮ ಹೊಲದ ಮೂಲೆಯಲ್ಲೇ ಇರುವಾಗ ರಾಜಕುಮಾರನಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಸುನಿತಾ ಒಂದು ವರ್ಷ ಚಿಕ್ಕವರ ಜೊತೆ ಹಿಂದಿನ ಸಾಲಿನಲ್ಲಿ ನಾಚಿಕೊಂಡು ಕೂತಳು. ಕಳೆದ ಆ ವರ್ಷವನ್ನು ಯಾವ ಲಾರಿಯೂ ತರಲಿಲ್ಲ, ಹುಚ್ಚವ್ವನ ಹೊಟ್ಟೆಯ ಬೆಂಕಿ ಪೂರಾ ಆರದೆ ಉಳಿಯಿತು.

ಅಷ್ಟರಲ್ಲಿ ಹತ್ತಿ ಹೂವಿಗೆ ಬಂತು. ಊರಲ್ಲಿ ಖಾಲಿ ಕೂತ ಹುಡುಗಿಯೇ ಇಲ್ಲ. ಒಂದು ಮುಂಜಾನೆ ಶಂಕ್ರಪ್ಪ ತಾವೇ ನಡೆದು ಬಂದು ಅವಳ ಬಾಗಿಲಲ್ಲಿ ನಿಂತರು. ಹಿಂದೆಂದೂ ಆ ಓಣಿಗೆ ಕಾಲಿಟ್ಟವರಲ್ಲ.

"ಹುಚ್ಚವ್ವಾರ, ಹೂವೆಲ್ಲಾ ಹಾಳಾಗಾಕತ್ತಾವ. ಸುನಿತಾನ್ನ ಕಳಸ್ರಿ, ಅಕಿ ಹಿಂದ ಉಳಿದಾರೂ ಬರ್ತಾರ. ದುಪ್ಪಟ್ಟು ಪಗಾರ ಕೊಡ್ತೇನಿ."

ರಾಜಕುಮಾರ ಬಾಯಿ ತೆರೆದ. ಅವ್ವ ನೋಡಿದ ನೋಟಕ್ಕೆ ಹಾಗೇ ಮುಚ್ಚಿದ.

"ಕೈ ಬೇಕಲ್ರೀ ನಿಮಗ?" ಅಂದಳು ಹುಚ್ಚವ್ವ. "ನಿಮ್ಮ ನೀಲಾಂಬಿಕಾನ್ನ ಕರಕೊಂಡು ಹೋಗ್ರಿ."

ಸಾವ್ಕಾರರ ಮುಖ ಕೆಂಪಾಯಿತು. "ಏನ್ ಮಾತಾಡ್ತೀ? ಅಕಿ ಓದೂ ಹುಡುಗಿ! ಹೊಲದಾಗ ಕೂಲಿ ಮಾಡ್ತಾಳನ?"

"ನಮ್ಮಕೀನೂ ಓದೂ ಹುಡುಗೀನರೀ," ಎಂದು ಹುಚ್ಚವ್ವ ಅವರ ಮುಖದ ಮೇಲೆಯೇ ಬಾಗಿಲು ಹಾಕಿಕೊಂಡಳು.