ಹಳದಿ ಕಣ್ಣಿನ ಮನೆ

ನಮ್ಮ ಮಾವನ ಗ್ಯಾರೇಜಿಗೆ ಬೋರ್ಡು ಇಲ್ಲ. ‘ಹಳದಿ ಕಣ್ಣಿನವರ ಗ್ಯಾರೇಜು ಎಲ್ಲಿ?’ ಎಂದರೆ ಬೀದಿಯಲ್ಲಿ ಯಾರು ಬೇಕಾದರೂ ಕೈ ತೋರಿಸುತ್ತಾರೆ. ಮಾವನ ಕಣ್ಣಿನ ಬಿಳಿಭಾಗ ನಿಂಬೆ ಸಿಪ್ಪೆಯ ಬಣ್ಣ. ಅವರ ಅಪ್ಪನದೂ ಹಾಗೇ ಇತ್ತಂತೆ, ನನ್ನ ಗಂಡನದೂ ಹಾಗೇ. ಬೇರೆಯವರಾಗಿದ್ದರೆ ಡಾಕ್ಟರ ಹತ್ತಿರ ಓಡುತ್ತಿದ್ದರು; ಇವರು ಮೀಸೆ ತಿರುವಿದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಮಾವ ನನ್ನ ಕಣ್ಣು ನೋಡಿ, “ಪಾಪ, ಸುಣ್ಣ ಬಳಿದ ಗೋಡೆ ಥರ ಇದೆ” ಅಂದಿದ್ದರು. ನನಗೂ ಮೂಗಿನ ತುದಿಯಲ್ಲೇ ಸಿಟ್ಟು. “ಗೋಡೆ ಚೊಕ್ಕವಾಗಿದ್ರೇನೇ ಮನೆಗೆ ಲಕ್ಷಣ, ಮಾವ” ಅಂದೆ. ಅಂದಿನಿಂದ ನಮ್ಮಿಬ್ಬರ ನಡುವೆ ಜಗಳವೂ ಉಂಟು, ಸಲಿಗೆಯೂ ಉಂಟು.

ಮಗಳು ಹುಟ್ಟಿದಾಗ ನರ್ಸು ಅವಳನ್ನು ನೀಲಿ ದೀಪದ ಕೆಳಗೆ ಮಲಗಿಸಿ ಕಾಮಾಲೆ ಎಂದಳು. ಮಾವ ಗಾಜಿಗೆ ಮೂಗು ಒತ್ತಿ ನೋಡಿದರು. “ಕಾಮಾಲೆ ಅಲ್ಲಮ್ಮ, ವಂಶ!” ಎಂದು ಇಡೀ ವಾರ್ಡಿಗೆ ಕೇಳುವಂತೆ ಸಾರಿದರು.

ಪುಟ್ಟಿ ಬೆಳೆದಂತೆ ಆ ಹೆಮ್ಮೆಗೆ ಹುಳಿ ಹಿಂಡಿದಂತಾಯಿತು. ಅವಳಿಗೆ ಸದಾ ನಿದ್ದೆ. ಶಾಲೆಯಿಂದ ಬಂದವಳು ಒಂದು ಬೂಟು ಬಿಚ್ಚಿ, ಇನ್ನೊಂದನ್ನು ಬಿಚ್ಚುವ ಮೊದಲೇ ಬೆಂಚಿನ ಮೇಲೆ ಒರಗುವಳು. ಮಹಡಿ ಹತ್ತಿದರೆ ಏದುಸಿರು. ಕ್ಲಿನಿಕ್ಕಿನಲ್ಲಿ ತೋರಿಸಿದರೆ ಟಾನಿಕ್ಕು ಕೊಟ್ಟು ಕಳಿಸಿದ್ದರು. ಮಾವನೋ, ಈ ವಯಸ್ಸಿನಲ್ಲೂ ಗಾಡಿಯ ಅಡಿಗೆ ತೂರಿದರೆ ಊಟಕ್ಕೆ ಕರೆದರೂ ಹೊರಗೆ ಬರುವವರಲ್ಲ. “ಕಣ್ಣು ನಮ್ಮದು, ಮೈ ಎಲ್ಲಿಂದ ತಂದಳೋ” ಎಂದು ನನ್ನ ಕಿವಿಗೆ ಬೀಳುವಂತೆ ಗೊಣಗುವರು. ‘ಸೋಮಾರಿ’ ಎನ್ನುವುದು ಅವರ ಬಾಯಲ್ಲಿ ಅವಳ ಹೆಸರೇ ಆಗಿಹೋಯಿತು. ಅವರ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಹುಡುಗಿ ಬೆಚ್ಚಿ ಎದ್ದು ಕೈಗೆ ಸಿಕ್ಕಿದ ಬಟ್ಟೆ ಮಡಚತೊಡಗುವಳು. ಸಲಿಗೆಯೆಲ್ಲ ಆಚೆಗಿರಲಿ, ಆ ಒಂದು ಮಾತನ್ನು ಅವರು ವಾಪಸು ತೆಗೆದುಕೊಳ್ಳಲೇಬೇಕೆಂದು ನನ್ನ ಹಟ. ಮಾವ ಮಾತು ವಾಪಸು ತೆಗೆದುಕೊಂಡದ್ದನ್ನು ಕಂಡವರೇ ಇಲ್ಲ.

ಹೀಗಿರುವಾಗ ಶಾಲೆಯ ಮಕ್ಕಳಿಗೆಲ್ಲ ಒಂದು ಜ್ವರ ಬಂತು. ಬೇರೆ ಮಕ್ಕಳು ಜ್ವರ ಬಿಟ್ಟದ್ದೇ ತಡ, ಆಟಕ್ಕೆ ಹೊರಟರು. ನಮ್ಮವಳು ಏಳಲೇ ಇಲ್ಲ. ತುಟಿ ಬಿಳುಚಿತು, ಎದೆ ಡವಡವ ಹೊಡೆದುಕೊಳ್ಳತೊಡಗಿತು. ದೊಡ್ಡಾಸ್ಪತ್ರೆಗೆ ಒಯ್ದರೆ, ಮೈಯಲ್ಲಿ ರಕ್ತವೇ ಇಲ್ಲ ಎಂದರು. ಎಲ್ಲೂ ಗಾಯವಿಲ್ಲ, ಒಂದು ಹನಿ ಹೊರಗೆ ಹೋಗಿಲ್ಲ. ಹಾಗಾದರೆ ಎಲ್ಲಿ ಹೋಯಿತು?

ಡಾಕ್ಟರಮ್ಮ ಮೊದಲು ರಕ್ತದ ಚೀಲ ತೂಗುಹಾಕಿಸಿದರು. ಆಮೇಲೆ ನನ್ನ ಗಂಡನ ಕಣ್ಣು ನೋಡಿದರು, ಮಾವನ ಕಣ್ಣು ನೋಡಿದರು, ಮಾವನನ್ನು ಮಲಗಿಸಿ ಎಡಪಕ್ಕೆಯ ಕೆಳಗೆ ಒತ್ತಿ ನೋಡಿದರು. ಮೂವರ ರಕ್ತವೂ ಪರೀಕ್ಷೆಗೆ ಹೋಯಿತು. ಫಲಿತಾಂಶ ಬಂದ ಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡರು.

“ಕೆಂಪು ರಕ್ತಕಣ ಚಪ್ಪಟೆ ಇರ್ಬೇಕು. ಆಗ ಬಳುಕಿಕೊಂಡು ಸಂದಿಗೊಂದಿಯಲ್ಲೆಲ್ಲ ನುಸುಳುತ್ತೆ. ಈ ಎಡಗಡೆ ಗುಲ್ಮ ಅಂತ ಇದೆ. ನಾಲ್ಕು ತಿಂಗಳು ಓಡಾಡಿ ಹಳೇದಾದ ಕಣಗಳನ್ನ ಅದು ಹಿಡಿದು ಒಡೆಯುತ್ತೆ. ಈ ಮೂವರ ಕಣ ಗುಂಡಗಿದೆ. ಸಂದಿಯಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಹೊಸದನ್ನೂ ಹಳೇದು ಅಂತ ಗುಲ್ಮ ಒಡೆದುಹಾಕುತ್ತೆ.”

“ಓಡೋ ಗಾಡೀನ ಗುಜರಿಗೆ ಹಾಕಿದ ಹಾಗೆ” ಎಂದರು ಮಾವ.

“ಹಾಗೇ ಅಂದ್ಕೊಳ್ಳಿ. ಒಡೆದದ್ದರ ಕಬ್ಬಿಣ ಹೊಸ ಕಣಕ್ಕೆ ವಾಪಸ್ ಬರುತ್ತೆ. ಮಿಕ್ಕಿದ್ದು ಹಳದಿ ಆಗುತ್ತೆ. ನಿಮ್ಮ ಕಣ್ಣಲ್ಲಿ ಕಾಣೋದು ಅದೇ.”

ಮಾವ ಪೆಚ್ಚಾದರು. ಇಷ್ಟು ವರ್ಷ ಊರೆಲ್ಲ ಮೆರೆಸಿದ್ದು ಗುಜರಿಯ ಧೂಳು! ಬೇರೆ ಹೊತ್ತಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

“ಹಾಗಾದ್ರೆ ಇಷ್ಟು ದಿನ ಹೇಗೆ ನಡೀತು?” ಎಂದು ನಾನು ಕೇಳಿದೆ.

“ಒಡೆದಷ್ಟನ್ನೂ ತುಂಬೋಕೆ ಮೂಳೆಯೊಳಗಿನ ಮಜ್ಜೆ ಹೊಸ ಕಣ ಮಾಡ್ತಾನೇ ಇರುತ್ತೆ. ನಿಮ್ಮ ಮಗಳದ್ದು ಬೇರೆ ಮಕ್ಕಳ ಐದಾರು ಪಟ್ಟು ದುಡಿದಿದೆ. ಕೂತಾಗ, ನಿಂತಾಗ, ಮಲಗಿದಾಗಲೂ. ಈ ಜ್ವರ ಬಂದು ಆ ಕೆಲಸ ನಿಲ್ಲಿಸಿಬಿಟ್ಟಿದೆ. ಬೇರೆ ಮಕ್ಕಳಿಗೆ ಸ್ವಲ್ಪ ದಿನ ನಿಂತ್ರೂ ಗೊತ್ತಾಗಲ್ಲ, ಇವಳಿಗೆ ತಡೆಯೋಕಾಗಲ್ಲ. ಮಜ್ಜೆ ಮತ್ತೆ ಶುರು ಮಾಡೋವರೆಗೆ ಬೇರೆಯವರ ರಕ್ತ ಕೊಟ್ಟು ದಿನ ದೂಡಬೇಕು.”

“ಶುರು ಮಾಡುತ್ತಲ್ವಾ?”

“ಸಾಮಾನ್ಯವಾಗಿ ಮಾಡುತ್ತೆ. ಕಾಯೋಣ.”

ಮಾವ ಕುರ್ಚಿಯಲ್ಲಿ ಮುಂದೆ ಬಾಗಿ, “ನನ್ನ ಮೂಳೆಯೂ ಇಷ್ಟೇ ದುಡಿಯುತ್ತೇನಮ್ಮಾ?” ಎಂದರು.

“ಇಲ್ಲ ಅಜ್ಜ. ನಿಮ್ಮದರಲ್ಲಿ ಒಡೆಯೋದು ಕಡಿಮೆ. ನೀವು ಇವಳ ಅರ್ಧದಷ್ಟೂ ದುಡಿದಿಲ್ಲ.”

ಆ ಕೋಣೆಯಲ್ಲಿ ನನಗೆ ಅಳುವೂ ಬಂತು, ಹೆಮ್ಮೆಯೂ ಬಂತು. ಹೆಮ್ಮೆಯೇ ಒಂದು ಕೈ ಹೆಚ್ಚು. ಕಡ್ಡಿಯಂಥ ನನ್ನ ಮಗಳು, ಬೆಂಚಿನ ಮೇಲೆ ಒಂದೇ ಬೂಟಿನಲ್ಲಿ ನಿದ್ದೆ ಹೋಗುವ ಹುಡುಗಿ, ಯಾರಿಗೂ ಹೇಳದೆ, ತನಗೂ ಗೊತ್ತಿಲ್ಲದೆ, ಆ ಮನೆಯಲ್ಲೇ ಎಲ್ಲರಿಗಿಂತ ಹೆಚ್ಚು ದುಡಿದಿದ್ದಳು. ಮಾವನ ಕಡೆ ತಿರುಗಿ ನಾಲ್ಕು ಮಾತು ಬಿಗಿಯಬೇಕೆಂದುಕೊಂಡೆ. ಅವರು ತಮ್ಮ ಅಂಗೈ ನೋಡುತ್ತ ಕೂತಿದ್ದರು.

ಗ್ಯಾರೇಜಿಗೆ ಬೀಗ ಬಿತ್ತು. ಮಾವ ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಕದಲಲಿಲ್ಲ. ದಿನಾ ಬೆಳಿಗ್ಗೆ ಆಸ್ಪತ್ರೆಯವರು ಪುಟ್ಟಿಯ ರಕ್ತ ತೆಗೆದು, ಹೊಸ ಕಣ ಬಂದಿದೆಯೇ ಎಂದು ನೋಡುತ್ತಿದ್ದರು. ಬಂದಿಲ್ಲ ಎನ್ನುತ್ತಿದ್ದರು. ಇನ್ನೊಂದು ಚೀಲ ಏರಿತು. ಮತ್ತೆ ನೋಡಿದರು, ಬಂದಿಲ್ಲ. ನಾನು ಕಾರಿಡಾರಿನ ಕಿಟಕಿಗೆ ಹಣೆ ಹಚ್ಚಿ ನಿಲ್ಲುತ್ತಿದ್ದೆ. ಒಳಗೆ ಬಂದರೆ ಎಲ್ಲಿ ನನ್ನ ಮುಖ ಪುಟ್ಟಿಗೆ ಎಲ್ಲವನ್ನೂ ಹೇಳಿಬಿಡುತ್ತದೋ ಎಂಬ ಭಯ.

ಒಂದು ಮಧ್ಯಾಹ್ನ ನಾನು ಒಳಗಿದ್ದಾಗ ಮಾವನ ಕುರ್ಚಿ ಕಿರುಗುಟ್ಟಿತು. ಮಲಗಿದ್ದ ಪುಟ್ಟಿ ಬೆಚ್ಚಿ ಕಣ್ಣು ಬಿಟ್ಟಳು. ಸೂಜಿ ಚುಚ್ಚಿದ ಕೈಯಲ್ಲೇ ಹೊದಿಕೆ ಎಳೆದು ಮಡಚಲು ಹೊರಟಳು.

“ತಾತ, ನಿದ್ದೆ ಮಾಡ್ತಿರ್ಲಿಲ್ಲ, ಸುಮ್ನೆ ಒರಗಿದ್ದೆ…”

ಮಾವ ಹೊದಿಕೆಯನ್ನು ಅವಳ ಕೈಯಿಂದ ಬಿಡಿಸಿ, ಕುತ್ತಿಗೆಯವರೆಗೆ ಹೊದಿಸಿದರು. “ಮಲಗು ಕಂದ” ಎಂದರು. ಅವಳ ಹಣೆಯ ಮೇಲೆ ಕೈಯಿಟ್ಟರು. ಎಷ್ಟು ತೊಳೆದರೂ ಹೋಗದ ಗ್ರೀಸಿನ ಕೈ. ಪುಟ್ಟಿ ಒಂದು ಗಳಿಗೆ ಅವರ ಮುಖವನ್ನೇ ನೋಡಿ, ಕಣ್ಣು ಮುಚ್ಚಿದಳು.

ಅಷ್ಟರಲ್ಲಿ ಡಾಕ್ಟರಮ್ಮ ಬಾಗಿಲಲ್ಲೇ, “ಬಂತು! ಹೊಸ ಕಣ ಬರೋಕೆ ಶುರುವಾಗಿದೆ!” ಎಂದು ದೊಡ್ಡ ದನಿಯಲ್ಲಿ ಕೂಗಿದರು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

ಮಾವ ತಿರುಗಿ, ತುಟಿಯ ಮೇಲೆ ಬೆರಳಿಟ್ಟರು.

“ಮೆಲ್ಲಗೆ, ಡಾಕ್ಟ್ರೇ. ನನ್ನ ಮೊಮ್ಮಗಳು ಕೆಲಸದಲ್ಲಿದ್ದಾಳೆ.”