ಮುಚ್ಚುವ ಬಾಬ್ತು

"ಅಗೆದದ್ದನ್ನ ಮುಚ್ಚೋಕೆ ದುಡ್ಡಿದೆ, ಪೈಪು ಹಾಕೋಕೆ ಇಲ್ಲ. ಇದರಲ್ಲಿ ಅರ್ಥವಾಗದೇ ಇರೋದು ಏನ್ರೀ?" ಎಂದರು ಇಂಜಿನಿಯರು, ಫೈಲಿನಿಂದ ತಲೆಯೆತ್ತದೆ.

ಓವರ್‌ಸಿಯರ್ ಪ್ರಭುಸ್ವಾಮಿಗೆ ಅರ್ಥವಾಗದೇ ಇದ್ದದ್ದೇ ಅದು. ಕೃಷ್ಣಮೂರ್ತಿಪುರಂನಿಂದಾಚೆ ಹೊಸದಾಗಿ ಎದ್ದ ಬೀದಿಗೆ ನಲ್ಲಿ ನೀರು ಕೊಡುವುದೆಂದು ಮುನಿಸಿಪಾಲಿಟಿಯೇ ತೀರ್ಮಾನಿಸಿತ್ತು. ಬೀದಿಯುದ್ದಕ್ಕೂ ಕಾಲುವೆ ತೋಡಿಯಾಗಿತ್ತು. ಪೈಪುಗಳು ಬಂದು ಪಕ್ಕದಲ್ಲೇ ಬಿದ್ದಿದ್ದವು. ಅಷ್ಟರಲ್ಲಿ ಬಜೆಟ್ಟಿನ ಮೀಟಿಂಗು ನಡೆದು, ಹೊಸ ಕಾಮಗಾರಿಗಳನ್ನೆಲ್ಲ ನಿಲ್ಲಿಸಬೇಕೆಂದು ಹುಕುಂ ಬಂದಿತ್ತು.

"ಪೈಪು ಅಲ್ಲೇ ಇದೆಯಲ್ಲ ಸಾರ್. ಮುಚ್ಚೋ ಕೂಲೀಲೇ ಇಳಿಸಿಬಿಡ್ತೀನಿ."

"ಮುಚ್ಚೋದು ರಿಪೇರಿ ಬಾಬ್ತು. ಪೈಪು ಹೊಸ ಕಾಮಗಾರಿ ಬಾಬ್ತು. ಅದರ ದುಡ್ಡು ಇದಕ್ಕೆ ಹಾಕಿದ್ರೆ ಆಡಿಟ್‌ನೋರು ನನ್ನನ್ನ ಮನೆಗೆ ಕಳಿಸ್ತಾರೆ. ಊರು ಬೆಳೀತಿದೆ ಕಣ್ರೀ, ಕಂದಾಯ ಬೆಳೀತಿಲ್ಲ. ಪೈಪೆಲ್ಲ ಸ್ಟೋರಿಗೆ ವಾಪಸ್ ತನ್ನಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರಿಯ ದಣಿವಿತ್ತು. ಅದೇ ಪ್ರಭುಸ್ವಾಮಿಯನ್ನು ಇನ್ನಷ್ಟು ಕೆರಳಿಸಿತು. ಜಗಳವಾಡುವುದಕ್ಕೂ ಎದುರಿಗೆ ಒಬ್ಬರು ಬೇಕಲ್ಲ.

ಸೈಕಲ್ಲು ತುಳಿದುಕೊಂಡು ಬೀದಿಗೆ ಬಂದಾಗ ಕೊನೆಯ ಮನೆಯ ದೇವೀರಮ್ಮ ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದಳು. ಇವನನ್ನು ಕಂಡು ನಿಂತಳು. "ಯಾವತ್ತು ಬತ್ತದಪ್ಪ ನೀರು? ಸೊಸೆ ತುಂಬು ಬಸುರಿ ಕಣಪ್ಪ. ಆ ಬಾವಿ ಮೆಟ್ಲು ಇಳಿಸಾಕೆ ನಂಗೆ ಧೈರ್ಯ ಬರಾಕಿಲ್ಲ."

ಹೋದ ವಾರವಷ್ಟೇ ಅವನು ಯುಗಾದಿಯೊಳಗೆ ನೀರು ಬರುತ್ತದೆಂದು ಹೇಳಿದ್ದ. ಈಗ ಇಲ್ಲವೆನ್ನಲು ನಾಲಿಗೆ ಹೊರಳಲಿಲ್ಲ. ಆಳುಗಳ ಮೇಸ್ತ್ರಿ ಕೆಂಪಯ್ಯನ ಕಡೆ ತಿರುಗಿದ.

"ಪೈಪು ಇಳಿಸು. ಆಮೇಲೆ ಮುಚ್ಚು."

"ಆರ್ಡರ್ ಬಂತಾ ಸಾಮಿ?"

"ಬಂತು."

ಆ ವಾರವೆಲ್ಲ ಅವನು ಅಲ್ಲೇ ನಿಂತು ಕೆಲಸ ಮಾಡಿಸಿದ. ಪೈಪುಗಳು ನೆಲ ಸೇರಿದವು, ಬೀದಿಯ ಕೊನೆಯಲ್ಲಿ ನಲ್ಲಿಯ ಕಂಬವೂ ಎದ್ದಿತು. ದೊಡ್ಡ ರಸ್ತೆಯ ಕೊಳಾಯಿಗೆ ಜೋಡಿಸುವುದೊಂದು ಬಾಕಿ. ಅದು ಇಂಜಿನಿಯರ ಅಪ್ಪಣೆಯಿಲ್ಲದೆ ಆಗುವಂಥದ್ದಲ್ಲ. ಇಷ್ಟಾದ ಮೇಲೆ ನಾಚಿಕೆಗಾದರೂ ಜೋಡಿಸಿಯಾರು ಎಂದು ಅವನು ಲೆಕ್ಕ ಹಾಕಿದ್ದ.

ಇಂಜಿನಿಯರು ಜೀಪಿನಲ್ಲಿ ಬಂದು ನೋಡಿದರು.

"ಅಗೆದು ತೆಗೆಸಿ" ಎಂದರು.

"ಅಗೆಯೋದು ಯಾವ ಬಾಬ್ತಿಗೆ ಸಾರ್?"

ಅದಕ್ಕೂ ಬಾಬ್ತಿರಲಿಲ್ಲ. ಜೋಡಿಸಲು ದುಡ್ಡಿಲ್ಲ, ಕೀಳಲು ದುಡ್ಡಿಲ್ಲ. ಪೈಪು ಮಣ್ಣಿನಲ್ಲೇ ಉಳಿಯಿತು. ಅದರ ಬೆಲೆಯನ್ನು ಪ್ರಭುಸ್ವಾಮಿಯ ಸಂಬಳದಲ್ಲಿ ತಿಂಗಳು ತಿಂಗಳು ಮುರಿದುಕೊಳ್ಳುವುದೆಂದಾಯಿತು. ಸುದ್ದಿ ಕೇಳಿ ಹೆಂಡತಿ ಪಾರ್ವತಮ್ಮ ಒಲೆಯ ಮುಂದೆಯೇ ಕೂತಳು. "ಅಂದ್ರೆ ಪೈಪು ನಮ್ಮದೇ ಆದಂಗಾಯ್ತು. ಅದರಲ್ಲಿ ನೀರಾದ್ರೂ ಬರುತ್ತಾ?" ಎಂದಳು. ಅವನು ಉಣ್ಣದೆ ಎದ್ದುಹೋದ.

ಆ ಬೀದಿಯ ಕಡೆ ಅವನು ತಲೆ ಹಾಕಲೇ ಇಲ್ಲ. ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಚರಂಡಿಯ ದೂರು ವಿಚಾರಿಸಲು ಹೋಗಲೇಬೇಕಾಯಿತು. ದೇವೀರಮ್ಮ ಜಗುಲಿಯ ಮೇಲಿದ್ದಳು. ಬೈಯುತ್ತಾಳೆಂದು ಅವನು ಸಿದ್ಧನಾಗಿದ್ದ. ಬೈದಿದ್ದರೆ ಚೆನ್ನಾಗಿತ್ತು.

"ಸೊಸೆನ ತವ್ರುಮನೆಗೆ ಕಳಿಸ್ಬುಟ್ಟೆ ಕಣಪ್ಪ. ಅಲ್ಲಿ ಹಿತ್ಲಲ್ಲೇ ಬಾವಿ ಅದೆ" ಎಂದಳು. ಒಳಗೆ ಹೋಗಿ ಚೊಂಬು ತಂದು ಕೈಗಿತ್ತಳು. "ಬಿಸ್ಲಲ್ಲಿ ಬಂದಿದೀಯ, ಕುಡಿ."

ಅವನು ಅರ್ಧ ಕುಡಿದ. ಉಳಿದದ್ದನ್ನು ಕುಡಿಯುವ ಮನಸ್ಸಾಗಲಿಲ್ಲ. ಅವಳೆದುರಿಗೆ ಚೆಲ್ಲುವ ಹಾಗೂ ಇರಲಿಲ್ಲ. ನಲ್ಲಿಯ ಕಂಬಕ್ಕೆ ಯಾರೋ ಕರುವೊಂದನ್ನು ಕಟ್ಟಿದ್ದರು. ಹಗ್ಗ ಎಟುಕುವಷ್ಟೂ ಎಳೆದುಕೊಂಡು ಅದು ಇವನ ಕಡೆಗೆ ಕತ್ತು ಚಾಚಿತು. ಪ್ರಭುಸ್ವಾಮಿ ಕುಕ್ಕರಗಾಲಿನಲ್ಲಿ ಕೂತು, ಅಂಗೈಗೆ ನೀರು ಸುರಿದುಕೊಂಡು, ಅದರ ಮೂತಿಯ ಬಳಿ ಹಿಡಿದ.