ಹನ್ನೆರಡು ಸಾಸಿವೆ ಕುಂಡ

ಹನ್ನೆರಡನೆಯ ಕುಂಡಕ್ಕೂ ಔಷಧಿ ಹೊಡೆದು ಮುಗಿಸುವಷ್ಟರಲ್ಲಿ ಅವಳಿಗೆ ಎದೆ ಹಿಡಿದುಕೊಂಡಿತು. ಬಾಯಿಗೆ ಕಟ್ಟಿದ್ದ ಒದ್ದೆ ಬಟ್ಟೆ ಬಿಚ್ಚಿ, ಬೆನ್ನಿನ ಪಂಪಿನ ಸಮೇತ ಸೇವಂತಿಗೆ ಸಾಲಿನ ನಡುವೆ ಕುಕ್ಕರಿಸಿದಳು.

ಎದೆ ಕೆಟ್ಟಿದೆ, ಇನ್ನೂ ಔಷಧಿಯ ಗಾಳಿ ಕುಡಿದರೆ ಹಸಿರುಮನೆಯನ್ನೇ ಮರೆಯಬೇಕು ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಅವಳಿಗೋಸ್ಕರವೇ ಗಂಡ ಔಷಧಿ ಬಿಟ್ಟ. ಸಾಲುಗಳ ನಡುವೆ ಸಾಸಿವೆ ಕುಂಡ ಇಟ್ಟ. ಗಿಡದ ರಸ ಹೀರುವ ಹೇನುಗಳಿಗೆ ಹೂವಿಗಿಂತ ಸಾಸಿವೆಯೇ ರುಚಿ. ಅಲ್ಲಿ ಸೇರಿದ ಹೇನು ತಿನ್ನಲೆಂದು ಗುಲಗಂಜಿ ಹುಳು ತಂದು ಬಿಟ್ಟ. ಆದರೆ ಈಚೆಗೆ ಆ ಕೆಂಪು ಹುಳು ಕಣ್ಣಿಗೇ ಬೀಳುತ್ತಿರಲಿಲ್ಲ, ಹೇನು ಮೊಗ್ಗಿಗೂ ಹತ್ತಿತ್ತು. "ನನ್ ಕೈಲಾಗಲ್ಲ ಕಣೇ. ಈ ಜಾಗ ಬಿಟ್ಬಿಡೋಣ" ಎಂದು ಬೆಳಿಗ್ಗೆ ತಟ್ಟೆ ಬಿಟ್ಟು ಎದ್ದುಹೋಗಿದ್ದ.

ಹದಿನೈದು ವರ್ಷ ಇಬ್ಬರೂ ಕೂಡಿ ಸಾಕಿದ ಜಾಗ. ಅವಳು ಮೂಲೆಯ ಹಳೇ ಪಂಪು ಹೊರಗೆಳೆದಳು. ಹೇನು ಹೆಚ್ಚಾಗಿ ಸಾಸಿವೆಯಲ್ಲೇ ಗುಂಪುಗೂಡಿರುವಾಗ ಒಂದೇ ಏಟಿಗೆ ಮುಗಿಸಬಾರದೇಕೆ? ಹತ್ತು ನಿಮಿಷ ಹೇಗೋ ತಡೆದುಕೊಂಡರಾಯಿತು.

ವಾಸನೆ ಹಿಡಿದು ಗಂಡ ಓಡಿಬಂದ. "ಏನ್ ಮಾಡ್ದೆ?"

"ಕುಂಡಕ್ಕೆ ಮಾತ್ರ ಹೊಡೆದೆ ರೀ. ಒಂದೂ ಉಳಿದಿಲ್ಲ. ಎಲೆ ಹಿಂದೆ ಕರೀ ಹುಳ ಬೇರೆ ಹತ್ಕೊಂಡಿತ್ತು, ಮೈಯೆಲ್ಲ ಮುಳ್ಳುಮುಳ್ಳು. ಅದೂ ಸತ್ತೋಯ್ತು."

ಅವನು ಒಂದು ಎಲೆ ಮಗುಚಿದ. ಇನ್ನೊಂದು ಕುಂಡಕ್ಕೆ ಹೋದ, ಅಲ್ಲಿಯೂ ಮಗುಚಿದ.

"ಇವು ಗುಲಗಂಜಿ ಹುಳದ ಮರಿ," ಎಂದ.

"ಮರಿ ಕೆಂಪಗಿರಲ್ವಾ?"

"ಇರಲ್ಲ. ದೊಡ್ಡವಕ್ಕಿಂತ ಇವೇ ಜಾಸ್ತಿ ಹೇನು ತಿನ್ನೋದು. ಇಷ್ಟೊಂದು ಹುಟ್ಟಿತ್ತಾ? ನಾನು ಎಲೆ ಎತ್ತಿ ನೋಡ್ಲೇ ಇಲ್ವಲ್ಲೇ."

ಅವನು ಬೈದಿದ್ದರೆ ಚೆನ್ನಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿದವಳು ತಾನೇ ಎಂದು ಅವಳಿಗೆ ಅಳು ಉಕ್ಕಿತು. ಕೆಮ್ಮು ಅಳಲೂ ಬಿಡಲಿಲ್ಲ. ಮೊಗ್ಗಿನ ಹೇನು ತಿನ್ನಲು ಈಗ ಯಾರೂ ಇರಲಿಲ್ಲ. ಬೆಳೆ ಉಳಿಯಬೇಕಾದರೆ ಇಡೀ ಹಸಿರುಮನೆಗೆ ಔಷಧಿ ಹೊಡೆಯಬೇಕು, ಇವತ್ತೂ, ಮುಂದಿನ ವಾರವೂ.

ಅವನು ಅವಳ ಬೆನ್ನಿನ ಪಂಪು ಬಿಚ್ಚಿ ತಾನು ಹಾಕಿಕೊಂಡ.

"ನೀನು ಹೊರಗೆ ಹೋಗು."

"ಮತ್ತೆ ಯಾವಾಗ ಬರ್ಲಿ?"

ಅವನು ಪಂಪಿನ ಪಟ್ಟಿ ಬಿಗಿಯುತ್ತಲೇ ಇದ್ದ. ಅವಳು ಹೊರಬಂದ ಮೇಲೆ ಒಳಗಿನಿಂದ ಬಾಗಿಲು ಹಾಕಿಕೊಂಡ.

ಮಂಜುಗಟ್ಟಿದ ಪ್ಲಾಸ್ಟಿಕ್ ಹಾಳೆಯಾಚೆ ಅವನ ಆಕಾರವಷ್ಟೇ ಕಾಣುತ್ತಿತ್ತು. ಅವನು ಮೊದಲ ಸಾಲು ಹಿಡಿದು ಹೊರಟ. ಅವಳು ಹಾಳೆಗೆ ಅಂಗೈ ತಾಗಿಸಿಕೊಂಡು, ಅವನು ನಡೆದಷ್ಟು ದೂರ ಹೊರಗಿನಿಂದ ನಡೆದಳು.